ಕಾರ್ಖಾನೆಯ ನಂಬರಿನಿಂದ ಮನುಷ್ಯನ ನಂಬರಿಗೆ

ಕೇರಳಕ್ಕೆ ಬಂದು ನೆಲೆಸಿದ ಕನ್ನಡಿಗರ ವಿಷಯ ಯಾರೇ ಬರೆಯಲಿ, ಪದ್ಮನಾಭಸ್ವಾಮಿಯ ಪೂಜೆಗೆಂದು ತುಳುನಾಡಿನಿಂದ ಬಂದ ನಂಬಿಗಳಿಂದ ಆರಂಭಿಸಿ, ಎರ್ಣಾಕುಳದ ಉಡುಪಿ ಹೋಟೆಲಿನಲ್ಲಿ ಒಂದು ಕಾಫಿ ಕುಡಿದು, ತುಂಬಾ ರಾಕೆಟ್ ಕೇಂದ್ರದ ವಿಜ್ಞಾನಿಗಳ ಬಳಿಗೆ ಬಂದು ನಿಲ್ಲಿಸುವುದು ವಾಡಿಕೆ. ತಪ್ಪೇನಿಲ್ಲ. ಆದರೆ ಈ ಜನ ಮುಪ್ಪಿನ ಕಾಲಕ್ಕೆಂದು ಕೂಡಿಟ್ಟ ದುಡ್ಡು ಅವರ ಹಿಂದೆ ಊರಿಂದೂರಿಗೆ ಹೇಗೆ ಬಂತು, ಎಷ್ಟೋ ಸಲ ಹೇಗೆ ಬರದೇ ಉಳಿಯಿತು ಎಂಬುದೂ ಚರಿತ್ರೆಯೇ. ಅದನ್ನು ಬರೆದವರನ್ನು ನಾನು ಕಂಡಿಲ್ಲ. ಕೆಲವು ವರ್ಷ ತಿರುವನಂತಪುರದಲ್ಲಿ, ಈಗ ಕೊಚ್ಚಿಯಲ್ಲಿ, ಕೇಂದ್ರ ಸರಕಾರದ ಕಛೇರಿಯೊಂದರ ಲೆಕ್ಕದ ಮೇಜಿನಲ್ಲಿ ಕುಳಿತವನಾದ್ದರಿಂದ ಈ ಕೆಲಸಕ್ಕೆ ಕೈಹಾಕಿದ್ದೇನೆ. ನಮ್ಮ ವಾಚಕರಲ್ಲಿಯೂ ಮೂರು ನಾಲ್ಕು ಊರುಗಳ ನೀರು ಕುಡಿದವರೇ ಹೆಚ್ಚಾದ್ದರಿಂದ ವಿಷಯ ತೀರ ಪರಕೀಯವೆನಿಸಲಾರದು.

ಪ್ರಾವಿಡೆಂಟ್ ಫಂಡಿನ ಸುಗ್ರೀವಾಜ್ಞೆ ಹೊರಟದ್ದು 1951ರ ನವೆಂಬರ್ 15ರಂದು. ಅದು ಕಾಯ್ದೆಯಾದದ್ದು 1952ರ ಮಾರ್ಚ್ 4ರಂದು. ಯೋಜನೆ ಪೂರ್ತಿಯಾಗಿ ಜಾರಿಗೆ ಬಂದದ್ದು ಅದೇ ನವೆಂಬರ್ 1ರಿಂದ. ಆ ಹೊತ್ತಿಗೆ ದಿಲ್ಲಿಯಲ್ಲಿ ಕಾರ್ಮಿಕ ಮಂತ್ರಿಗಳಾಗಿದ್ದವರು ವಿ.ವಿ. ಗಿರಿಯವರು. ಇದೇ ಗಿರಿಯವರು 1960ರಿಂದ 1965ರವರೆಗೆ ಕೇರಳಕ್ಕೆ ರಾಜ್ಯಪಾಲರಾಗಿದ್ದು, ಅಲ್ಲಿಂದ ನೇರವಾಗಿ ಮೈಸೂರು ರಾಜ್ಯಕ್ಕೆ ಬಂದರು. ವರ್ಗವಾಗುವ ನೌಕರನ ಫಜೀತಿ ಅವರಿಗೂ ಸ್ವಲ್ಪ ತಿಳಿದಿರಬೇಕು! ಮೊದಲು ಯೋಜನೆಗೆ ಸೇರಿದ್ದು ಆರೇ ಉದ್ದಿಮೆಗಳು: ಸಿಮೆಂಟು, ಸಿಗರೇಟು, ಇಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಜವಳಿ. ಅದೂ 50 ಜನರಿಗೆ ಕಡಿಮೆ ಇಲ್ಲದ ಕಾರ್ಖಾನೆಗಳಿಗೆ ಮಾತ್ರ. ನೌಕರನ ವಂತಿಗೆ ಶೇಕಡ 6¼. ಇದೇನು ವಿಚಿತ್ರ ಅಂಕಿ ಎಂದು ಇಂದಿನವರು ಕೇಳಬಹುದು. ರೂಪಾಯಿಗೆ ಹದಿನಾರಾಣೆ ಇದ್ದ ಕಾಲ ಅದು. 6¼ ಎಂದರೆ ರೂಪಾಯಿಗೆ ಸರಿಯಾಗಿ ಒಂದಾಣೆ. ನೌಕರನದೊಂದಾಣೆ, ಯಜಮಾನನದೊಂದಾಣೆ. ಮೊದಲ ವರ್ಷ ಕೊಟ್ಟ ಬಡ್ಡಿ ಶೇಕಡ 3.

1960ರ ಕೊನೆಗೆ 50 ಜನರ ಮಿತಿಯನ್ನು 20ಕ್ಕೆ ಇಳಿಸಿದರು. ಮುಂದೆ ಹೋಟೆಲುಗಳೂ ಕಾಯ್ದೆಯ ಬಲೆಗೆ ಬಿದ್ದವು. ಆದರೂ ಹತ್ತು ಹನ್ನೆರಡು ಜನ ಹುಡುಗರನ್ನಿಟ್ಟುಕೊಂಡು ನಡೆಯುವ ಉಡುಪಿ ಹೋಟೆಲಿಗೆ ಆ ಬಲೆಯ ಕಣ್ಣು ದೊಡ್ಡದಾಯಿತು. ಕುಂದಾಪುರದ ಕಡೆಯಿಂದ ಬಂದು ಜೀವಮಾನವೆಲ್ಲ ದೋಸೆ ಹುಯ್ದ ಅಂಥವರಿಗೆ ವರ್ಗಾಯಿಸುವುದಕ್ಕೆ ಖಾತೆಯೇ ಇರಲಿಲ್ಲ. ಅವರ ವಿಷಯ ಬೇರೆಯೇ ಬರೆಯಬೇಕು.

ಖಾತೆ ಇದ್ದವರ ವಿಷಯಕ್ಕೆ ಬರೋಣ. ಆ ಖಾತೆಯ ನಂಬರನ್ನು ನೋಡಿದರೆ ಅರ್ಧ ಚರಿತ್ರೆ ಅಲ್ಲೇ ಇದೆ. ಕೇರಳದ ನಂಬರು ಕೆ.ಆರ್. ಎಂಬ ಅಕ್ಷರಗಳಿಂದ ಆರಂಭ. ಮುಂದೆ ಕೊಚ್ಚಿಯ ಕಛೇರಿಗೆ ಕೆ.ಸಿ.ಎಚ್., ತಿರುವನಂತಪುರಕ್ಕೆ ಟಿ.ವಿ.ಎಂ. ಅದರ ಹಿಂದೆ ಕಂಪನಿಯ ಅಂಕಿ. ಎಲ್ಲಕ್ಕೂ ಕೊನೆಯಲ್ಲಿ, ಬಾಲದ ಹಾಗೆ, ಮನುಷ್ಯನ ಅಂಕಿ. ಅಂದರೆ ಈ ಖಾತೆ ಮೊದಲು ರಾಜ್ಯದ್ದು, ಆಮೇಲೆ ಕಛೇರಿಯದು, ಆಮೇಲೆ ಕಂಪನಿಯದು, ದುಡಿದವನದು ಕಟ್ಟಕಡೆಗೆ. ಕೆಲಸ ಬದಲಾಯಿಸಿದರೆ ನಂಬರೂ ಬದಲು. ಬೆಂಗಳೂರಿನಲ್ಲಿ ಕೆ.ಎನ್. ನಂಬರಿನಡಿಯಲ್ಲಿ ಕೂಡಿದ ಹಣ ಮಾಲೀಕನಿಲ್ಲದ ಟ್ರಂಕಿನಂತೆ ಅಲ್ಲೇ ಉಳಿಯುತ್ತಿತ್ತು. ಮಾಲೀಕ ಮಾತ್ರ ಐಲೆಂಡ್ ಎಕ್ಸ್‌ಪ್ರೆಸ್ ಹತ್ತಿ ಕೊಚ್ಚಿಗೆ ಬಂದು ಇನ್ನೊಂದು ಟ್ರಂಕು ತೆರೆಯುತ್ತಿದ್ದ.

ಹಳೆಯ ಹಣವನ್ನು ಹೊಸ ಖಾತೆಗೆ ತರುವ ದಾರಿ ಇರಲಿಲ್ಲವೆಂದಲ್ಲ. 13ನೆಯ ನಮೂನೆಯ ಅರ್ಜಿ ಇತ್ತು. ಅದಕ್ಕೆ ಶುಲ್ಕ ಒಂದು ಪೈಸೆಯೂ ಇರಲಿಲ್ಲ. ಫಂಡಿನ ಆಡಳಿತ ವೆಚ್ಚವನ್ನು ಹೊರುವವನು ಯಜಮಾನ, ನೌಕರನಲ್ಲ. ಸಂಬಳದ ಮೇಲೆ ಶೇಕಡ 1.10ರಷ್ಟಿದ್ದ ಆ ವೆಚ್ಚ ಇಳಿಯುತ್ತ ಬಂದು 2018ರ ಜೂನ್‌ನಲ್ಲಿ ಶೇಕಡ 0.50 ಆಯಿತು. ಕಾಗದದ ಮೇಲೆ ಇಷ್ಟು ಅಗ್ಗದ ಕೆಲಸ ಇನ್ನೊಂದಿಲ್ಲ. ಆದರೆ ಅರ್ಜಿ ಹೊಸ ಯಜಮಾನನ ಸಹಿ ಹೊತ್ತು ಹೊಸ ಊರಿನ ಕಛೇರಿಗೆ ಹೋಗಬೇಕು, ಅಲ್ಲಿಂದ ಹಳೆಯ ಊರಿಗೆ. ಅಲ್ಲಿ ಲೆಕ್ಕ ತೆಗೆದು, ಅನುಬಂಧ ‘ಕೆ’ ಎಂಬ ವಿವರಪಟ್ಟಿಯೊಂದಿಗೆ ಹಣ ಹಿಂದಕ್ಕೆ ಬರಬೇಕು. ದೊಡ್ಡ ಕಂಪನಿಗಳು ಕಾಯ್ದೆಯ ವಿನಾಯಿತಿ ಪಡೆದು ತಮ್ಮದೇ ಟ್ರಸ್ಟಿನಲ್ಲಿ ಫಂಡನ್ನು ಇಟ್ಟುಕೊಂಡಿದ್ದರೆ ನಡುವೆ ಇನ್ನೊಂದು ಮೆಟ್ಟಿಲು. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಾದರೆ ಮತ್ತೆ ಮೊದಲಿನಿಂದ. ನಮ್ಮವರ ಹೆಸರುಗಳಿಗೆ ಕೇರಳದಲ್ಲಿ ಆಗುವ ಅವಸ್ಥೆ ತಮಗೆ ಗೊತ್ತೇ ಇದೆ: ಬೆಂಗಳೂರಿನಲ್ಲಿ ‘ಎಚ್’ ಇಲ್ಲದೆ ಬರೆಸಿದ ಹೆಸರಿಗೆ ಇಲ್ಲಿ ಒಂದು ‘ಎಚ್’ ಬಂದು ಅಂಟಿಕೊಳ್ಳುತ್ತದೆ. ಕೊಚ್ಚಿಯ ಕಲೂರಿನ ಭವಿಷ್ಯನಿಧಿ ಭವನಕ್ಕೋ, ಇನ್ನೂರು ಕಿಲೋಮೀಟರಿಗೂ ದೂರದ ತಿರುವನಂತಪುರದ ಪಟ್ಟಂ ಕಛೇರಿಗೋ ಅಲೆಯಲು ರಜೆ ಹಾಕಬೇಕು. ದಿನಗೂಲಿಯ ಲೆಕ್ಕದಲ್ಲಿ ರಜೆಯೇ ಶುಲ್ಕ.

ಹೀಗಾಗಿ ಜನ ಸುಲಭದ ದಾರಿ ಹಿಡಿದರು. ಕೆಲಸ ಬಿಟ್ಟೊಡನೆ 19ನೆಯ ನಮೂನೆ ತುಂಬಿ ಹಣವನ್ನೇ ತೆಗೆದುಕೊಂಡರು. ಮಗಳ ಮದುವೆ, ಊರಿನ ಮನೆಯ ಹೆಂಚು, ಯಾವುದಕ್ಕೆ ತಾನೆ ಬೇಡ? ಅವರನ್ನು ದೂರುವ ಅಧಿಕಾರ ನನಗಿಲ್ಲ. ಆದರೆ ಲೆಕ್ಕ ಲೆಕ್ಕವೇ. 1989–90ರಿಂದ 1999–2000ದವರೆಗೆ, ಸತತವಾಗಿ 11 ವರ್ಷ, ಫಂಡು ಶೇಕಡ 12ರ ಬಡ್ಡಿ ಕೊಟ್ಟಿತು. ಆ ಅವಧಿಯ ಆರಂಭದಲ್ಲಿ 10,000 ರೂಪಾಯಿ ಇದ್ದವನು ಅದನ್ನು ಮುಟ್ಟದೆ ಬಿಟ್ಟಿದ್ದರೆ, ಹೊಸದಾಗಿ ಒಂದು ಕಾಸು ಹಾಕದೆಯೂ ಕೊನೆಗೆ 34,785 ರೂಪಾಯಿ ಆಗುತ್ತಿತ್ತು.

ಹೋದದ್ದು ಬಡ್ಡಿಯಷ್ಟೇ ಅಲ್ಲ. 1995ರ ನವೆಂಬರ್ 16ರಿಂದ ನೌಕರರ ಪಿಂಚಣಿ ಯೋಜನೆ ಬಂದು, ಯಜಮಾನನ ವಂತಿಗೆಯಲ್ಲಿ ಶೇಕಡ 8.33ರ ಪಾಲು ಅತ್ತ ತಿರುಗಿತು. ಅಲ್ಲಿ ಕೂಡುವುದು ಹಣಕ್ಕಿಂತ ಮುಖ್ಯವಾಗಿ ವರ್ಷಗಳು. ಹತ್ತು ವರ್ಷ ಸೇವೆ ತುಂಬಿದರೆ ಪಿಂಚಣಿ, ಇಲ್ಲವಾದರೆ ಒಂದಿಷ್ಟು ಇಡಿಗಂಟು. ನನಗೆ ಪರಿಚಿತರಾದ ದಕ್ಷಿಣ ಕನ್ನಡದ ಹಿರಿಯರೊಬ್ಬರು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ 6 ವರ್ಷ, ನಡುವೆ ಊರಲ್ಲಿ ಎರಡು ವರ್ಷ ಇದ್ದು ಕೊಚ್ಚಿಯ ಕಡೆಯ ಇನ್ನೊಂದು ಕಾರ್ಖಾನೆಯಲ್ಲಿ 7 ವರ್ಷ ದುಡಿದು 2011ರಲ್ಲಿ ನಿವೃತ್ತರಾದರು. ಬೆಂಗಳೂರು ಬಿಟ್ಟಾಗ ಫಂಡನ್ನೂ ಪಿಂಚಣಿಯ ಭಾಗವನ್ನೂ ಎರಡನ್ನೂ ತೆಗೆದುಬಿಟ್ಟಿದ್ದರು. ಅದೇ ‘10 ಸಿ’ ನಮೂನೆಯಲ್ಲಿ ಇನ್ನೊಂದು ಚೌಕವಿತ್ತು: ಹಣದ ಬದಲು ಯೋಜನಾ ಪ್ರಮಾಣಪತ್ರ ಕೊಡಿ ಎಂದು ಕೇಳುವುದು. ಯಾರೂ ಅವರಿಗೆ ಹೇಳಲಿಲ್ಲ. ಆ 6 ವರ್ಷ ಉಳಿದಿದ್ದರೆ ಒಟ್ಟು 13. ಆಗಿನ 6,500 ರೂಪಾಯಿಯ ಸಂಬಳದ ಮಿತಿಯನ್ನು 13ರಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ 1,207 ರೂಪಾಯಿ. ದೊಡ್ಡ ಮೊತ್ತವಲ್ಲ, ಒಪ್ಪಿದೆ. ಆದರೆ ಅವರ ರಕ್ತದೊತ್ತಡದ ಮಾತ್ರೆಗಳಿಗೆ ಸಾಕಾಗುತ್ತಿತ್ತು; ಅವರ ತರುವಾಯ ಹೆಂಡತಿಗೂ ಒಂದು ಪಾಲು ಬರುತ್ತಿತ್ತು. ಕೈಗೆ ಬಂದದ್ದು 7 ವರ್ಷದ ಇಡಿಗಂಟು ಮಾತ್ರ.

ಕಂಪನಿಯ ಹಂಗಿಲ್ಲದ, ವ್ಯಕ್ತಿಯದೇ ಆದ ಖಾತೆ ನಮ್ಮಲ್ಲಿ ಇರಲಿಲ್ಲವೇ ಎಂದು ಕೇಳಬಹುದು. 1968ರಲ್ಲಿ ಪಬ್ಲಿಕ್ ಪ್ರಾವಿಡೆಂಟ್ ಫಂಡ್ ಬಂತು. ಅದು ನಿಜವಾಗಿಯೂ ವ್ಯಕ್ತಿಯದು. ಆದರೆ ಕಂಪನಿಯ ಫಂಡನ್ನು ಹಾಗೆಯೇ ಎತ್ತಿ ಅದರೊಳಗೆ ಸುರಿಯುವ ದಾರಿ ಇರಲಿಲ್ಲ. ವರ್ಷಕ್ಕಿಷ್ಟೇ ಎಂಬ ಮಿತಿಯೊಳಗೆ ಕೈಯಾರೆ ಕಟ್ಟಬೇಕು. ಅಮೆರಿಕದಲ್ಲಿ 1974ರ ಕಾನೂನು ಇಂಥ ವೈಯಕ್ತಿಕ ನಿವೃತ್ತಿ ಖಾತೆಯನ್ನು ಹುಟ್ಟುಹಾಕಿ, ಕಂಪನಿ ಬಿಟ್ಟವನು ಹಳೆಯ ಹಣವನ್ನು ತೆರಿಗೆಯಿಲ್ಲದೆ ಅದಕ್ಕೆ ಸಾಗಿಸಬಹುದೆಂದು ಮಾಡಿತು. ನಮ್ಮಲ್ಲಿ ಆ ಮಾತು ಬರಲು ಇನ್ನೂ ಮೂವತ್ತು ವರ್ಷ ಹಿಡಿಯಿತು. ಬಂದದ್ದೂ ಕಾರ್ಖಾನೆಯ ಬಾಗಿಲಿನಿಂದಲ್ಲ, ಸರಕಾರಿ ಕಛೇರಿಯ ಬಾಗಿಲಿನಿಂದ.

2004ರ ಜನವರಿ 1ರಿಂದ ಸೇರಿದ ಕೇಂದ್ರ ನೌಕರರಿಗೆ, ಸೈನ್ಯದವರನ್ನು ಬಿಟ್ಟು, ಹಳೆಯ ಪಿಂಚಣಿ ತಪ್ಪಿಹೋಗಿ ಹೊಸ ಪಿಂಚಣಿ ಪದ್ಧತಿ ಬಂತು. ಕರ್ನಾಟಕ 2006ರ ಏಪ್ರಿಲ್ 1ರಿಂದ ಅದನ್ನು ಹಿಡಿಯಿತು. ಕೇರಳ 2013ರ ಏಪ್ರಿಲ್ 1ರಿಂದ. ಈ ಪದ್ಧತಿಯ ಮೇಲೆ ನನ್ನಂಥವರ ಅಸಮಾಧಾನ ಬಹಳ, ಅದನ್ನು ಇಲ್ಲಿ ಬಿಚ್ಚುವುದಿಲ್ಲ. ಆದರೆ ಅದರಲ್ಲಿ ಒಂದು ಒಳ್ಳೆಯ ಸಂಗತಿ ಇತ್ತೆಂದು ನ್ಯಾಯವಾಗಿ ಹೇಳಬೇಕು: ಪ್ರಾನ್ ಎಂಬ 12 ಅಂಕಿಯ ನಂಬರು ಕಛೇರಿಯದಲ್ಲ, ಮನುಷ್ಯನದು. ಕರ್ನಾಟಕ ಸರಕಾರದ ಶಾಲಾ ಮಾಸ್ತರು ರಾಜೀನಾಮೆ ಕೊಟ್ಟು ತಿರುವನಂತಪುರದ ಕೇಂದ್ರ ಕಛೇರಿಗೆ ಸೇರಿದರೆ ಹೊಸ ಖಾತೆ ತೆರೆಯುವುದಿಲ್ಲ. ವಲಯ ಬದಲಾವಣೆಯ ಒಂದು ಅರ್ಜಿ ಕೊಟ್ಟರೆ ನಂಬರು ಅದೇ, ಹಣವೂ ಅದೇ.

2009ರ ಮೇ 1ರಂದು ಇದರ ಬಾಗಿಲನ್ನು ಎಲ್ಲ ನಾಗರಿಕರಿಗೂ ತೆರೆದರು. ಹಣ ನಿರ್ವಹಿಸುವ ಶುಲ್ಕ ಆಗ ಶೇಕಡ 0.0009, ಅಂದರೆ ಒಂದು ಲಕ್ಷ ರೂಪಾಯಿಗೆ ವರ್ಷಕ್ಕೆ 90 ಪೈಸೆ. ಇಷ್ಟು ಅಗ್ಗವಾದದ್ದನ್ನು ಮಾರಲು ಯಾವ ಏಜೆಂಟನೂ ಚಪ್ಪಲಿ ಸವೆಸಲಿಲ್ಲ. ಮುಂದೆ ಆ ದರವನ್ನು ಏರಿಸಬೇಕಾಯಿತು. ಲೆಕ್ಕ ಇಡುವ ಶುಲ್ಕವೋ ಮೊದಲಿಗೆ ವರ್ಷಕ್ಕೆ 350 ರೂಪಾಯಿ. ಸರಕಾರಿ ನೌಕರನ ಪರವಾಗಿ ಅದನ್ನು ಸರಕಾರವೇ ಕಟ್ಟುತ್ತದೆ. ಆದರೆ ಖಾತೆಯಲ್ಲಿ 5,000 ರೂಪಾಯಿ ಇಟ್ಟ ಬಡವನಿಗೆ ಅದು ಶೇಕಡ 7ರ ಪೆಟ್ಟು. ಶೇಕಡಾವಾರು ಶುಲ್ಕ ಸಾಹುಕಾರನಿಗೆ ಭಾರ, ತಲೆಗಿಷ್ಟು ಎಂಬ ಶುಲ್ಕ ಬಡವನಿಗೆ ಭಾರ. ಅಗ್ಗ ಯಾವುದು ಎಂಬ ಪ್ರಶ್ನೆಗೆ ಗಂಟಿನ ಗಾತ್ರ ನೋಡದೆ ಉತ್ತರವಿಲ್ಲ.

ಇತ್ತ ಹಳೆಯ ಫಂಡಿನಲ್ಲಿ ಬಿಟ್ಟುಹೋದ ಟ್ರಂಕುಗಳ ಸಂಖ್ಯೆ ಬೆಳೆಯುತ್ತ ಬಂದು, 36 ತಿಂಗಳು ಹಣ ಬೀಳದ ಖಾತೆಗಳಿಗೆ 2011ರ ಏಪ್ರಿಲ್ 1ರಿಂದ ಬಡ್ಡಿಯನ್ನೇ ನಿಲ್ಲಿಸಿದರು. ಐದು ವರ್ಷಗಳ ನಂತರ, 2016ರ ನವೆಂಬರಿನಲ್ಲಿ, ಆ ನಿಯಮ ಸಡಿಲಿಸಿ ದುಡಿಯುವ ವಯಸ್ಸಿನವರ ಖಾತೆಗಳಿಗೆ ಬಡ್ಡಿ ಮರಳಿಸಿದರು. ನಡುವೆ 2014ರ ಅಕ್ಟೋಬರ್ 16ರಂದು ಪ್ರಧಾನಿ ನರೇಂದ್ರ ಮೋದಿಯವರು ಯು.ಎ.ಎನ್. ಎಂಬ ಸಾರ್ವತ್ರಿಕ ನಂಬರನ್ನು ಉದ್ಘಾಟಿಸಿದರು. ಇದೂ 12 ಅಂಕಿ, ಇದೂ ಮನುಷ್ಯನದು. 1952ರಲ್ಲಿ ಕಂಪನಿಯ ಬಾಲವಾಗಿದ್ದವನು 62 ವರ್ಷಗಳ ಮೇಲೆ ತಲೆಯಾದ! ಕಂಪನಿಗಳ ಹಳೆಯ ನಂಬರುಗಳೆಲ್ಲ ಈಗ ಅವನ ನಂಬರಿನ ಕೆಳಗೆ ಸಾಲಾಗಿ ನಿಲ್ಲುತ್ತವೆ. ಟೆಕ್ನೋಪಾರ್ಕಿನಿಂದ ಬೆಂಗಳೂರಿಗೆ ಹಾರುವ ಹುಡುಗರಿಗೆ 13ನೆಯ ನಮೂನೆ ಕೈಯಲ್ಲಿ ಹಿಡಿದು ಅಲೆದ ಕಥೆ ಹೇಳಿದರೆ ನಗುತ್ತಾರೆ. 2025ರಲ್ಲಿ ಹಣ ತಲಪುವ ಊರಿನ ಕಛೇರಿಯ ಒಪ್ಪಿಗೆಯನ್ನೂ ಕೈಬಿಟ್ಟರು.

ಹಳೆಯ ದಾಖಲೆಗಳ ಬೆಲೆ ಎಷ್ಟೆಂದು ಗೊತ್ತಾದದ್ದು ಮತ್ತೆ ಕೊಚ್ಚಿಯಿಂದಲೇ. 2018ರ ಅಕ್ಟೋಬರ್ 12ರಂದು ಎರ್ಣಾಕುಳದಲ್ಲಿರುವ ಕೇರಳ ಹೈಕೋರ್ಟು 2014ರ ಪಿಂಚಣಿ ತಿದ್ದುಪಡಿಗಳನ್ನು ರದ್ದುಮಾಡಿತು. ಸುಪ್ರೀಂ ಕೋರ್ಟು 2022ರ ನವೆಂಬರ್ 4ರಂದು ಆ ತಿದ್ದುಪಡಿಗಳನ್ನು ಬಹುಮಟ್ಟಿಗೆ ಎತ್ತಿಹಿಡಿದರೂ, ಪೂರ್ಣ ಸಂಬಳದ ಮೇಲಿನ ಪಿಂಚಣಿಯನ್ನು ಆರಿಸಿಕೊಳ್ಳಲು ಅರ್ಹರಿಗೆ ನಾಲ್ಕು ತಿಂಗಳ ಅವಕಾಶ ಕೊಟ್ಟಿತು. ಆಗ ಹಳೆಯ ಕಂಪನಿಗಳಲ್ಲಿ ಎಷ್ಟು ಸಂಬಳಕ್ಕೆ ಎಷ್ಟು ವಂತಿಗೆ ಹೋಗಿತ್ತೆಂಬ ರುಜುವಾತು ಬೇಕಾಯಿತು. 23ನೆಯ ನಮೂನೆಯ ವಾರ್ಷಿಕ ಚೀಟಿಗಳನ್ನು ರದ್ದಿಗೆ ಹಾಕದೆ ಟ್ರಂಕಿನ ತಳದಲ್ಲಿಟ್ಟಿದ್ದವರು ಜಾಣರೆನಿಸಿಕೊಂಡರು.

ಇನ್ನು ಎರಡು ನಂಬರುಗಳ ನಡುವಣ ಸೇತುವೆ. ಖಾಸಗಿ ಕೆಲಸದಲ್ಲಿ ಕೆಲವು ವರ್ಷ ಇದ್ದು 2004ರ ಮೇಲೆ ಸರಕಾರಕ್ಕೆ ಬಂದವನ ಕೈಯಲ್ಲಿ ಒಂದು ಯು.ಎ.ಎನ್. ಇರುತ್ತದೆ, ಒಂದು ಪ್ರಾನ್ ಇರುತ್ತದೆ. ಮೊದಲನೆಯದು ಕಾರ್ಮಿಕ ಮಂತ್ರಾಲಯದ ಕೂಸು, ಎರಡನೆಯದು ಹಣಕಾಸು ಮಂತ್ರಾಲಯದ ಕೂಸು. ಎರಡಕ್ಕೂ ಬಹುಕಾಲ ಮಾತಿರಲಿಲ್ಲ. 2016ರ ಹಣಕಾಸು ಕಾಯ್ದೆಯಲ್ಲಿ, ಮಾನ್ಯತೆ ಪಡೆದ ಫಂಡಿನಿಂದ ಪಿಂಚಣಿ ಪದ್ಧತಿಗೆ ನೇರವಾಗಿ ಸಾಗಿದ ಹಣಕ್ಕೆ ತೆರಿಗೆ ಇಲ್ಲವೆಂದು ಮಾಡಿದರು. ಪಿಂಚಣಿ ಪ್ರಾಧಿಕಾರ 2017ರ ಮಾರ್ಚ್‌ನಲ್ಲಿ ಅದರ ವಿಧಾನವನ್ನು ಹೊರಡಿಸಿತು. ಅರ್ಜಿ ಈಗಿನ ಕಛೇರಿಯ ಮೂಲಕ ಹಳೆಯ ಫಂಡಿಗೆ ಹೋಗಬೇಕು. ಅಲ್ಲಿಂದ ಬರುವ ಚೆಕ್ಕಿನಲ್ಲಿ, ಸರಕಾರಿ ನೌಕರನಾದರೆ, ಲೆಕ್ಕದ ಕಛೇರಿಯ ಹೆಸರು, ನೌಕರನ ಹೆಸರು, ಪ್ರಾನ್ ಮೂರೂ ಇರಬೇಕು. ‘ಶ್ರೀ ಇಂಥವರಿಗೆ’ ಎಂದಷ್ಟೇ ಬರೆದ ಚೆಕ್ಕು ಬಂದರೆ ಅದು ವರ್ಗಾವಣೆಯಲ್ಲ, ಹಿಂತೆಗೆತ. ಐದು ವರ್ಷ ತುಂಬದ ಸೇವೆಯಾದರೆ ಅದು ತೆರಿಗೆಗೂ ಸಿಕ್ಕುತ್ತದೆ. ಹೀಗೆ ಬಂದ ಹಣವನ್ನು ಆ ವರ್ಷದ ವಂತಿಗೆ ಎಂದು ಎಣಿಸುವಂತೆಯೂ ಇಲ್ಲ.

ದಾಟಬೇಕೋ ಬೇಡವೋ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಶುಲ್ಕದ ಉಳಿತಾಯಕ್ಕಾಗಿ ದಾಟುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಹಳೆಯ ಕಡೆಯಲ್ಲಿಯೂ ನೌಕರನಿಗೆ ಶುಲ್ಕವಿಲ್ಲ. ಇತ್ತ ಘೋಷಿತ ಬಡ್ಡಿ. ಅತ್ತ ಮಾರುಕಟ್ಟೆಯ ಏರಿಳಿತ, 60ಕ್ಕೆ ನಿವೃತ್ತನಾಗುವ ಸರಕಾರಿ ನೌಕರ ದೊಡ್ಡ ಗಂಟಿನಲ್ಲಿ ಕನಿಷ್ಠ ಶೇಕಡ 40ನ್ನು ವರ್ಷಾಶನಕ್ಕೆ ಕೊಡಬೇಕೆಂಬ ಕಟ್ಟು. ಒಂದೇ ಕಡೆ ಎಲ್ಲ ಇರಲಿ ಎನ್ನುವವರು ದಾಟಲಿ. ಆದರೆ ಈ ಸೇತುವೆಯ ಮೇಲೆ ಹೋಗುವುದು ಫಂಡು ಮಾತ್ರ. 1995ರ ಯೋಜನೆಯ ಪಿಂಚಣಿಯ ವರ್ಷಗಳು ಪ್ರಾನ್‌ಗೆ ಬರುವುದಿಲ್ಲ. ಅವುಗಳಿಗೆ ಇಂದಿಗೂ ಅದೇ ‘10 ಸಿ’ ನಮೂನೆ, ಅದೇ ಇನ್ನೊಂದು ಚೌಕ. ಕಳೆದ ಮಳೆಗಾಲದಲ್ಲಿ ನಮ್ಮ ಕಛೇರಿಗೆ ಹೊಸದಾಗಿ ಬಂದ ಹಾಸನದ ಕಡೆಯ ಹುಡುಗನೊಬ್ಬ, ಹಿಂದಿನ ಕಂಪನಿಯ ನಾಲ್ಕು ವರ್ಷಗಳಿಗೆ, ಆ ಚೌಕದಲ್ಲಿ ಗುರುತು ಹಾಕಿ ಪ್ರಮಾಣಪತ್ರ ತರಿಸಿಕೊಂಡಿದ್ದಾನೆ.