ಯಂತ್ರದ ನಾಡಿಪರೀಕ್ಷೆ

ಕಲಬುರಗಿಯಿಂದ ಹುಮನಾಬಾದಿನ ಹೆದ್ದಾರಿ ಹಿಡಿದು ಕಮಲಾಪುರದತ್ತ ಹೊರಟರೆ ನಡುವೆ ಕುರಿಕೋಟೆಯ ಸೇತುವೆ ಸಿಗುತ್ತದೆ. ಕೆಳಗೆ ಹರಿಯುವುದು ಬೆಣ್ಣೆತೊರೆ. ಈ ಹೊಳೆಯ ನೀರೂ ಸರಡಗಿಯ ಬಳಿಯ ಭೀಮೆಯ ನೀರೂ ಪಂಪುಗಳ ಬಲದಿಂದ ಮೇಲೆದ್ದು ಕಲಬುರಗಿ ನಗರವನ್ನು ಸೇರುತ್ತವೆ. ನಮ್ಮ ಸೀಮೆಯ ಉರಿಬೇಸಿಗೆಯಲ್ಲಿ ದೊಡ್ಡದೊಂದು ಪಂಪು ನಿಂತಿತೆಂದರೆ ಎಷ್ಟು ಮನೆಗಳ ಕೊಡ ಬರಿದಾಗುವುದೆಂದು ತಾವೇ ಊಹಿಸಬಹುದು. ಆದರೆ ಪಂಪು ಒಮ್ಮೆಗೇ ಕೆಡುವುದು ಅಪರೂಪ. ಸಾಮಾನ್ಯವಾಗಿ ಕೆಡುವ ಮುನ್ನ ಅದು ಬಹುದಿನ ನಡುಗುತ್ತದೆ. ಆ ನಡುಕದ ಅರ್ಥವನ್ನು ಮನುಷ್ಯನು ಕಂಡುಕೊಂಡ ಬಗೆ ಸ್ವಾರಸ್ಯಕರವಾದುದು.

ಎತ್ತುಗಳು ಕಪಿಲೆ ಎಳೆಯುತ್ತಿದ್ದ ಕಾಲದಲ್ಲಿ ರಾಟೆಯ ಸದ್ದು ಬದಲಾದರೆ ರೈತನು ಅಚ್ಚಿಗೆ ಎಣ್ಣೆ ಬಿಡುತ್ತಿದ್ದನು. ಯಂತ್ರಯುಗದ ಮೇಸ್ತ್ರಿಯು ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಬೇರಿಂಗಿಗೂ ಇನ್ನೊಂದನ್ನು ತನ್ನ ಕಿವಿಗೂ ಆನಿಸಿ ಆಲಿಸಿದನು. ಅನುಭವವು ಹೀಗೆ ಸಾಗುತ್ತಿರಲು ಶಾಸ್ತ್ರವೂ ಬೆಳೆಯಿತು. ತಿರುಗುವ ದಂಡವು ಒಂದು ನಿಶ್ಚಿತ ವೇಗದಲ್ಲಿ ವಿಪರೀತ ಓಲಾಡುವುದೆಂದು 1869ರಲ್ಲಿ ರ್‍ಯಾಂಕಿನ್ ಎಂಬ ವಿದ್ವಾಂಸನು ಹೇಳಿ, ಆ ಮೇರೆಯನ್ನು ದಾಟಲಾಗದೆಂದು ಭಾವಿಸಿದನು. 1889ರಲ್ಲಿ ಸ್ವೀಡನ್ನಿನ ದ ಲವಾಲನು ತೆಳುವಾದ ದಂಡವನ್ನು ಬಳಸಿ ದಾಟಿ ತೋರಿಸಿದನು. ಅದು ಹೇಗೆ ಸಾಧ್ಯವಾಯಿತೆಂಬುದನ್ನು 1919ರಲ್ಲಿ ಜೆಫ್‌ಕಾಟ್ ಗಣಿತದಿಂದ ವಿವರಿಸಿದನು. 1939ರಲ್ಲಿ ಅಮೆರಿಕದ ವಿಮಾಸಂಸ್ಥೆಯೊಂದರ ಇಂಜಿನಿಯರ್ ರ್‍ಯಾತ್‌ಬೋನ್, ಎಷ್ಟು ನಡುಕ ಸಹ್ಯ, ಎಷ್ಟು ಅಪಾಯಕರ ಎಂಬುದರ ನಕ್ಷೆಯನ್ನು ಪ್ರಕಟಿಸಿದನು. 1965ರಲ್ಲಿ ಕೂಲಿ ಮತ್ತು ಟ್ಯೂಕಿ ತೋರಿದ ಗಣನಕ್ರಮದಿಂದ, ಬೆರೆತ ನಡುಕವನ್ನು ಬಿಡಿಬಿಡಿಯಾಗಿ ವಿಂಗಡಿಸುವುದು ಶೀಘ್ರಸಾಧ್ಯವಾಯಿತು.

ಈ ವಿಂಗಡಣೆಯಿಂದ ಆಗುವ ಉಪಯೋಗವನ್ನು ನೋಡೋಣ. ಪಂಪು ನಿಮಿಷಕ್ಕೆ 1500 ಸುತ್ತು, ಅಂದರೆ ಸೆಕೆಂಡಿಗೆ 25 ಸುತ್ತು, ತಿರುಗುತ್ತದೆ ಎನ್ನಿ. ನಡುಕವೂ ಸೆಕೆಂಡಿಗೆ 25 ಬಾರಿ ಇದ್ದರೆ ಮೊದಲ ಸಂಶಯ ತೂಕ ತಪ್ಪಿದ ರೆಕ್ಕೆಚಕ್ರದ ಮೇಲೆ. ಮರಳು ಅದನ್ನು ಒಂದೇ ಕಡೆ ಸವೆಸಿರಬಹುದು. 50 ಬಾರಿ ಇದ್ದರೆ ಮೋಟಾರು ಮತ್ತು ಪಂಪಿನ ದಂಡಗಳು ಒಂದೇ ಸಾಲಿನಲ್ಲಿಲ್ಲದಿರಬಹುದು. ವಿದ್ಯುತ್ತನ್ನು ಕಡಿದೊಡನೆ ನಡುಕ ಥಟ್ಟನೆ ಮಾಯವಾದರೆ ದೋಷವು ಮೋಟಾರಿನ ವಿದ್ಯುದ್ಭಾಗದಲ್ಲಿದೆಯೆಂದು ಸಂಶಯಿಸಬೇಕು. ವೇಗದೊಡನೆ ಮೆಲ್ಲಗೆ ಇಳಿದರೆ ಯಂತ್ರಭಾಗದಲ್ಲಿ ಹುಡುಕಬೇಕು. ಒಳಗೆ ಹರಳು ಉರುಳಿದಂತೆ ಸದ್ದಾದರೆ ರೋಗ ಬೇರೆಯೇ. ಬೇಸಿಗೆಯಲ್ಲಿ ಹೊಳೆಯ ಮಟ್ಟ ಇಳಿದಾಗ ಹೀರುವ ಕಡೆಯ ಒತ್ತಡ ಕುಗ್ಗಿ, ನೀರಿನಲ್ಲಿ ಆವಿಯ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ; ಒಡೆಯುತ್ತ ಲೋಹವನ್ನೇ ಕೊರೆಯುತ್ತವೆ. ಇದಕ್ಕೆ ಹೊಸ ಬೇರಿಂಗು ಹಾಕಿದರೆ ಹಣವೂ ಕಾಲವೂ ವ್ಯರ್ಥ. ನಿದಾನ ತಪ್ಪಿದ ಚಿಕಿತ್ಸೆಯ ಗತಿಯೇ ಅದು.

ನಡುಕವನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು ಅಳೆಯುವ ಅಂತರರಾಷ್ಟ್ರೀಯ ಮಾನದಂಡ 1974ರಲ್ಲಿ ಬಂದಿತು. ಪಂಪುಗಳಿಗೇ ಮೀಸಲಾದದ್ದು 2009ರಲ್ಲಿ. ಆದರೂ ಒಂದು ದಿನದ ಅಂಕಿಯನ್ನೇ ನಂಬಿ ಕೂಡುವುದು ತರವಲ್ಲ. ಇಂದು 3 ಮಿಲಿಮೀಟರ್ ಇದೆ. ಮಾನದಂಡದೊಳಗೇ ಇದೆ ಎಂದು ಸುಮ್ಮನಿರಬಹುದು. ಕಳೆದ ತಿಂಗಳು ಅದೇ ಜಾಗದಲ್ಲಿ, ಅದೇ ಹೊರೆಯಲ್ಲಿ ಒಂದೂವರೆ ಮಾತ್ರ ಇದ್ದಿತೆಂದು ಪುಸ್ತಕದಲ್ಲಿ ಬರೆದಿದ್ದರೆ? ರೋಗ ಇಮ್ಮಡಿಸಿದೆಯೆಂದು ತಿಳಿಯುತ್ತದೆ. ಪಂಪು ನಿಲ್ಲುವ ಮೊದಲೇ ರಿಪೇರಿಗೆ ಅವಕಾಶವಾಗುತ್ತದೆ. ಅರಸರಿಗೂ ಊರುಗಳಿಗೂ ಇತಿಹಾಸವಿರುವಂತೆ ಯಂತ್ರಕ್ಕೂ ಇತಿಹಾಸವುಂಟು. ಪ್ರತಿವಾರ ಎರಡು ಸಾಲು ತಪ್ಪದೆ ಬರೆದಿಡುವ ಪಂಪುಮನೆಯ ನೌಕರನೇ ಅದರ ಚರಿತ್ರಕಾರ. ಊರಿನ ನೀರು ಅವನ ಲೇಖನಿಯನ್ನೂ ನಂಬಿದೆ.