ಪ್ಲಾಟಿನಂ ಕರಗಿಸಿದ ವಿದ್ಯುತ್ತು

ಪುಣೆಯ ಧನಕವಡಿಯಲ್ಲಿ ಓದಲಿ, ನಮ್ಮ ಧಾರವಾಡದಲ್ಲಿ ಓದಲಿ, ರಸಾಯನಶಾಸ್ತ್ರದ ಬಿಎಸ್ಸಿ ವಿದ್ಯಾರ್ಥಿಗೆ ಆಲ್ಫ್ರೆಡ್ ವರ್ನರ್ ಪರಿಚಿತ ಹೆಸರು. ಲೋಹದ ಪರಮಾಣು ತನ್ನ ಸುತ್ತ ಇಂತಿಷ್ಟೇ ಸಂಗಾತಿಗಳನ್ನು ಕೂರಿಸಿಕೊಳ್ಳುತ್ತದೆ ಎಂಬ ಅವನ ಕೋಆರ್ಡಿನೇಷನ್ ಸಿದ್ಧಾಂತಕ್ಕೆ 1913ರಲ್ಲಿ ನೊಬೆಲ್ ಬಂತು. ಆ ಸಿದ್ಧಾಂತಕ್ಕೆ ಸಾಕ್ಷಿ ನುಡಿದ ಲವಣಗಳಲ್ಲಿ ಒಂದನ್ನು ಒದಗಿಸಿದ ಎಡ್ಮುಂಡ್ ಡ್ರೆಕ್ಸೆಲ್ ಮಾತ್ರ ಹೆಚ್ಚಿನವರಿಗೆ ಅಪರಿಚಿತ.

ಡ್ರೆಕ್ಸೆಲ್ (1843–1897) ಲೋಹಗಳ ಹಿಂದೆ ಬಿದ್ದವನಲ್ಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದ ಅವನನ್ನು ಕಾಡಿದ್ದು ದೇಹದ ರಸಾಯನ. ನಮ್ಮ ದೇಹ ಯೂರಿಯಾವನ್ನು ಹೇಗೆ ತಯಾರಿಸುತ್ತದೆ? ಅಮೋನಿಯಂ ಕಾರ್ಬಮೇಟ್‌ನಿಂದ ಒಂದು ನೀರಿನ ಅಣು ಕಳಚಿದರೆ ಯೂರಿಯಾ ಸಿಗುತ್ತದೆ. ಆದರೆ ದೇಹದಲ್ಲಿ ಕುದಿಸುವ ಒಲೆಯಿಲ್ಲ. ಆಕ್ಸಿಡೀಕರಣ, ಅಪಕರ್ಷಣ ಎರಡೂ ಬೇಗಬೇಗನೆ ಸರದಿಯಲ್ಲಿ ನಡೆದರೆ ಆ ನೀರು ಕಳಚಬಹುದು ಎಂದು ಅವನು ಊಹಿಸಿದ. ಬೀಕರಿನಲ್ಲಿ ಅಂಥ ಸರದಿ ಏರ್ಪಡಿಸಲು ದಿಕ್ಕು ಬದಲಿಸುತ್ತಲೇ ಇರುವ ಪರ್ಯಾಯ ವಿದ್ಯುತ್ತು ಬೇಕಿತ್ತು. ಒಂದು ಗಳಿಗೆ ಆನೋಡ್ ಆಗಿದ್ದ ತಂತಿ ಮರುಗಳಿಗೆಗೆ ಕ್ಯಾಥೋಡ್. ಹೀಗೆ ಮಾಡಿದ್ದು ಮಾಡಿದಂತೆಯೇ ಅಳಿಸಿಹೋಗಬೇಕಲ್ಲವೇ? ಹಾಗಾಗಲಿಲ್ಲ. 1880ರಲ್ಲಿ ಅವನು ಯೂರಿಯಾ ಸಿಕ್ಕ ಸುದ್ದಿ ಪ್ರಕಟಿಸಿದ. 1884ರ ಲೇಖನವೊಂದರ ತಲೆಬರಹದಲ್ಲೇ 'ಎಲೆಕ್ಟ್ರೋಸಿಂಥೆಸನ್' ಎಂಬ ಪದ ಬಳಸಿದ.

ಇದರ ನಡುವೆ ಬಯಸದ ಸಂಗತಿಯೊಂದು ನಡೆದಿತ್ತು. ಸುಮ್ಮನೆ ಸಾಕ್ಷಿಯಾಗಿ ನಿಲ್ಲಬೇಕಿದ್ದ ಪ್ಲಾಟಿನಂ ಎಲೆಕ್ಟ್ರೋಡುಗಳೇ ಸವೆಯುತ್ತಿದ್ದವು. ಸಾಮಾನ್ಯ ಆಮ್ಲಗಳಿಗೆ ಜಗ್ಗದ ಲೋಹ ಅದು. ಆದರೆ ವಿದ್ಯುತ್ತಿನ ಒಂದು ಸರದಿಯಲ್ಲಿ ಮೇಲ್ಮೈ ಮೇಲೆ ಆಕ್ಸೈಡಿನ ಪೊರೆ ಕಟ್ಟಿ, ಮುಂದಿನದರಲ್ಲಿ ಅದು ಒಡೆಯುವಾಗ ಲೋಹ ಸಡಿಲಗೊಳ್ಳುತ್ತದೆ. ದ್ರಾವಣದ ಅಮೋನಿಯಾ ಅದನ್ನು ಹಿಡಿದುಕೊಳ್ಳುತ್ತದೆ. ಹಾಗೆ ಹುಟ್ಟಿದ, ಆರು ಅಮೋನಿಯಾಗಳನ್ನು ಹೊತ್ತ ಪ್ಲಾಟಿನಂ ಲವಣವನ್ನು ಗೆರ್ಡೆಸ್ 1882ರಲ್ಲಿ ವಿವರಿಸಿದ. ಅದರ ಕ್ಲೋರೈಡಿಗೆ ಡ್ರೆಕ್ಸೆಲ್‌ನ ಹೆಸರೇ ಅಂಟಿಕೊಂಡಿತು.

1893ರಲ್ಲಿ ವರ್ನರ್ ತನ್ನ ಸಿದ್ಧಾಂತ ಮುಂದಿಟ್ಟಾಗ ಅದಕ್ಕೆ ಪುರಾವೆ ಬೇಕಿತ್ತು. ಅವನೂ ಮಿಯೊಲಾಟಿಯೂ ಲೋಹಲವಣಗಳ ದ್ರಾವಣಗಳ ವಾಹಕತೆ ಅಳೆದರು. ಆರು ಅಮೋನಿಯಾಗಳ ಲವಣಕ್ಕೆ ಸುಮಾರು 523. ಒಂದೊಂದು ಅಮೋನಿಯಾದ ಜಾಗದಲ್ಲಿ ಕ್ಲೋರಿನ್ ಕೂತಂತೆ 404, 229, 97; ಕೊನೆಗೆ ಬಹುತೇಕ ಸೊನ್ನೆ. ಲೋಹಕ್ಕೆ ಅಂಟಿ ಕೂತ ಕ್ಲೋರಿನ್ ವಿದ್ಯುತ್ತನ್ನು ಹೊರುವುದಿಲ್ಲ ಎಂಬುದಕ್ಕೆ ಈ ಇಳಿಜಾರೇ ಸಾಕ್ಷಿ. ಏಣಿಯ ತುದಿಯ ಮೆಟ್ಟಿಲು ಡ್ರೆಕ್ಸೆಲ್‌ನ ಕ್ಲೋರೈಡು.

ಡ್ರೆಕ್ಸೆಲ್ ಹುಡುಕಿದ ಉತ್ತರ ಮಾತ್ರ ನಿಲ್ಲಲಿಲ್ಲ. 1932ರಲ್ಲಿ ಕ್ರೆಬ್ಸ್ ಮತ್ತು ಹೆನ್ಸೆಲೈಟ್ ಯಕೃತ್ತು ಯೂರಿಯಾ ಕಟ್ಟುವ ದಾರಿಯೇ ಬೇರೆ ಎಂದು ತೋರಿಸಿದರು. ಅಲ್ಲಿರುವುದು ಆರ್ನಿಥೀನ್ ಸುತ್ತ ತಿರುಗುವ ಚಕ್ರ. ಪರ್ಯಾಯ ವಿದ್ಯುತ್ತಿನ ಸಂಶ್ಲೇಷಣೆಯೂ ಬಹುಕಾಲ ನೇರ ವಿದ್ಯುತ್ತಿನ ನೆರಳಿನಲ್ಲೇ ಉಳಿಯಿತು. ಈಗ ಅದು ಮರಳಿದೆ. 2021ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಬೊರ್ಟ್ನಿಕೊವ್ ಮತ್ತು ಸೆಮೆನೊವ್ ನಿಕ್ಕಲ್ ವೇಗವರ್ಧಕದ ಜೋಡಣೆಗಳನ್ನು ಪರ್ಯಾಯ ವಿದ್ಯುತ್ತಿನಿಂದ ನಡೆಸಿ ತೋರಿಸಿದರು. ಲೋಹವೊಂದನ್ನು ಬೇರೆಬೇರೆ ಆಕ್ಸಿಡೀಕರಣ ಸ್ಥಿತಿಗಳ ನಡುವೆ ಓಡಾಡಿಸುವುದೇ ಅಲ್ಲಿನ ಕೆಲಸ. ಡ್ರೆಕ್ಸೆಲ್‌ನ ಬೀಕರಿನಲ್ಲಿ ಯಾರೂ ಬಯಸದೆ ಪ್ಲಾಟಿನಂಗೆ ಆದದ್ದನ್ನು ಇಲ್ಲಿ ನಿಕ್ಕಲ್‌ಗೆ ಬೇಕೆಂದೇ ಮಾಡಲಾಗುತ್ತಿದೆ.