ದೆಹಲಿ ಚಳಿಗೆ ದಾಸವಾಳ, ಕೇಪಳ, ಕನಕಾಂಬರ ಉಳಿಸಿಕೊಳ್ಳುವುದು ಹೇಗೆ?

ಊರಿಂದ ದಾಸವಾಳದ ಕಡ್ಡಿ ತಂದು ಬಾಲ್ಕನಿಯಲ್ಲಿ ನೆಟ್ಟವರು, ದೇವರ ಪೂಜೆಗೆಂದು ಕೇಪಳ, ಕನಕಾಂಬರ ಬೆಳೆಸಿದವರು ದೆಹಲಿಯ ಕನ್ನಡಿಗರಲ್ಲಿ ಅನೇಕರಿದ್ದಾರೆ. ಮಳೆಗಾಲದಲ್ಲಿ ಸೊಂಪಾಗಿದ್ದ ಗಿಡ ಜನವರಿ ಹೊತ್ತಿಗೆ ಎಲೆ ಉದುರಿಸಿ ಬರಲಾಗುತ್ತದೆ. ಸತ್ತಿತೆಂದು ಕಿತ್ತೆಸೆಯುವವರೇ ಹೆಚ್ಚು. ಆದರೆ ಎಷ್ಟೋ ಬಾರಿ ಬೇರು ಜೀವಂತವಾಗಿಯೇ ಇರುತ್ತದೆ.

ಚಳಿ ಏನು ಮಾಡುತ್ತದೆ?

ಮಂಗಳೂರಿನಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್ ಆಸುಪಾಸು. ದೆಹಲಿಯಲ್ಲಿ ಅದು 7ರಿಂದ 8 ಡಿಗ್ರಿ. ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶ 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎಂದು ಪರಿಗಣಿಸುತ್ತದೆ. ಉಷ್ಣವಲಯದ ಈ ಗಿಡಗಳ ಬೆಳವಣಿಗೆ 10 ಡಿಗ್ರಿಯ ಸುತ್ತಮುತ್ತಲೇ ಬಹುತೇಕ ನಿಂತುಹೋಗುತ್ತದೆ. ಮಣ್ಣು ತಣ್ಣಗಾದಾಗ ಬೇರು ನೀರು ಹೀರುವುದು ಕಡಿಮೆ. ಕುಂಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಚಳಿಗಿಂತ ಹೀಗೆ ಅತಿ ನೀರಿನಿಂದ ಸಾಯುವ ಗಿಡಗಳೂ ಕಡಿಮೆಯೇನಲ್ಲ.

ಯಾವ ಗಿಡಕ್ಕೆ ಏನು?

* ದಾಸವಾಳ: ಕೆಳಗಿನ ಎಲೆಗಳು ಹಳದಿಯಾಗಿ ಉದುರುವುದು ಸಹಜ. ಕಾಂಡ ಗಟ್ಟಿಯಾಗಿದ್ದರೆ ಭಯ ಬೇಡ.
* ಕೇಪಳ: ಇದಕ್ಕೆ ಹುಳಿ ಗುಣದ ಮಣ್ಣು ಬೇಕು. ಉತ್ತರದ ಬಯಲಿನ ಮಣ್ಣು ಮತ್ತು ಕೊಳವೆಬಾವಿ ನೀರು ಹೆಚ್ಚಾಗಿ ಕ್ಷಾರೀಯ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆಯ ಲಕ್ಷಣ. ಮಣ್ಣಿಗೆ ಎಲೆಗೊಬ್ಬರ ಬೆರೆಸುವುದು ಒಳ್ಳೆಯದು.
* ಕನಕಾಂಬರ: ಇವುಗಳಲ್ಲಿ ಬಲು ನಾಜೂಕು. ರಾತ್ರಿ ಒಳಗಿಡುವುದೇ ಸರಿ.
* ದುಂಡು ಮಲ್ಲಿಗೆ: ಚಳಿಗಾಲದಲ್ಲಿ ನಿದ್ದೆ ಹೋಗುವ ಗಿಡ. ನೀರು ಕಡಿಮೆ ಮಾಡಿ ಸುಮ್ಮನೆ ಬಿಡಿ.

ನೀರು, ಗೊಬ್ಬರ

ಬೆರಳನ್ನು ಒಂದು ಇಂಚು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಕೊಡಿ. ಬೆಳಗ್ಗೆ ಬಿಸಿಲೇರಿದ ಮೇಲೆ ಹಾಕುವುದು ವಾಸಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲದಿರಲಿ. ನವೆಂಬರ್ ಮಧ್ಯದಿಂದ ಫೆಬ್ರವರಿವರೆಗೆ ಗೊಬ್ಬರ ನಿಲ್ಲಿಸಿ. ಗೊಬ್ಬರಕ್ಕೆ ಬರುವ ಎಳೆ ಚಿಗುರೇ ಚಳಿಗೆ ಮೊದಲು ಬಲಿಯಾಗುತ್ತದೆ.

ಜಾಗ, ಹೊದಿಕೆ

ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆದ್ದರಿಂದ ದಕ್ಷಿಣದ ಬಾಲ್ಕನಿಯೇ ಉತ್ತಮ. ಕುಂಡಗಳನ್ನು ಗೋಡೆಗೆ ಒತ್ತಾಗಿ ಗುಂಪಾಗಿಡಿ. ಹಗಲು ಕಾದ ಗೋಡೆ ರಾತ್ರಿ ಬಿಸಿ ಬಿಟ್ಟುಕೊಡುತ್ತದೆ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿಗಳಲ್ಲಿ ಇಬ್ಬನಿ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಅಂಥ ಸಂಜೆ ಹಳೆಯ ಸೀರೆ ಅಥವಾ ಬೆಡ್‌ಶೀಟ್ ಹೊದಿಸಿ, ಬೆಳಗ್ಗೆ ತೆಗೆಯಿರಿ. ಪ್ಲಾಸ್ಟಿಕ್ ಹಾಳೆಯಾದರೆ ಎಲೆಗೆ ತಾಗದಂತೆ ಕೋಲು ನೆಟ್ಟು ಹೊದಿಸಬೇಕು. ಒಳಗೆ ತಂದಿಟ್ಟರೆ ಹೀಟರ್ ಹತ್ತಿರ ಬೇಡ. ಒಣ ಗಾಳಿಗೆ ನುಸಿ ಕಾಟ ಹೆಚ್ಚುತ್ತದೆ. ದಾಸವಾಳಕ್ಕೆ ಹಿಟ್ಟು ತಿಗಣೆ ಬಂದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ ಬೆರೆಸಿ ಸಿಂಪಡಿಸಿ.

ಕತ್ತರಿ ಹಾಕಲು ಅವಸರ ಬೇಡ

ಒಣಗಿದ ಕೊಂಬೆ ನೋಡಲು ಚೆನ್ನಾಗಿರುವುದಿಲ್ಲ, ನಿಜ. ಆದರೂ ಫೆಬ್ರವರಿ ಮಧ್ಯದವರೆಗೆ ಕಾಯಿರಿ. ಈಗಲೇ ಸವರಿದರೆ ಹೊಸ ಚಿಗುರು ಚಳಿಗೆ ಸಿಕ್ಕಿಬೀಳುತ್ತದೆ. ಆಮೇಲೆ ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ, ಕಂದಾಗಿದ್ದರೆ ಹಸಿರು ಸಿಗುವವರೆಗೆ ಕೆಳಕ್ಕೆ ಕತ್ತರಿಸುತ್ತಾ ಬನ್ನಿ. ಬುಡದವರೆಗೆ ಒಣಗಿದ್ದರೂ ಮಾರ್ಚ್ ಕೊನೆವರೆಗೆ ಕುಂಡ ಖಾಲಿ ಮಾಡಬೇಡಿ, ಬೇರಿನಿಂದ ಚಿಗುರಬಹುದು.

ಮುಂಬೈ, ಚೆನ್ನೈನವರಿಗೆ ಈ ತಾಪತ್ರಯವಿಲ್ಲ. ಪುಣೆ, ಹೈದರಾಬಾದ್‌ನಲ್ಲಿ ತೀರಾ ಚಳಿಯಿರುವ ಕೆಲವು ರಾತ್ರಿ ಎಚ್ಚರ ವಹಿಸಿದರೆ ಸಾಕು. ದೆಹಲಿಯವರು ಮಾತ್ರ ಮಳೆಗಾಲದಲ್ಲೇ ದಾಸವಾಳದ ಎರಡು ಕಡ್ಡಿಗಳನ್ನು ಬೇರೆ ಕುಂಡದಲ್ಲಿ ನೆಟ್ಟು ಬೇರು ಬರಿಸಿಟ್ಟುಕೊಳ್ಳಿ. ತಾಯಿಗಿಡ ಹೋದರೂ ಊರಿನ ತಳಿ ಕೈತಪ್ಪುವುದಿಲ್ಲ.